ಕೋಲ್ಡ್ ಸ್ಟೋರೇಜಿನ ಗುರುಂಗ

ಬ್ಯಾಡಗಿಯ ಕೋಲ್ಡ್ ಸ್ಟೋರೇಜಿಗೆ ಟೇಕ್ ಬಹಾದೂರ ಗುರುಂಗ ಕೆಲಸಕ್ಕೆ ಬಂದ ದಿನವೇ ಫಕ್ಕೀರವ್ವ ಅವನಿಗೆ ಗೇಟು ತೆಗೆಯಲು ಹೇಳಿದಳು. ಸಣ್ಣ ಕಣ್ಣು, ಕುಳ್ಳ ಮೈ, ಖಾಕಿ ಪ್ಯಾಂಟು. ಇಂಥವನು ಗೂರ್ಖಾ ಕಾವಲುಗಾರನಲ್ಲದೆ ಇನ್ನೇನಾಗಿದ್ದಾನು? ಅವನು ಗೇಟು ತೆಗೆದು, ಒಳಗೆ ಹೋಗಿ ಇಂಜಿನಿಯರನ ಕುರ್ಚಿಯಲ್ಲಿ ಕೂತ. ಆಮೇಲೆ ಅವಳನ್ನು ಕರೆಸಿ, ಗೇಟಿನ ಬಳಿ ಅವಳು ಉಗುಳಿದ್ದ ಎಲೆಅಡಿಕೆಯನ್ನು ಅವಳ ಕೈಯಿಂದಲೇ ತೊಳೆಸಿದ.

ಫಕ್ಕೀರವ್ವ ಅಲ್ಲಿ ಚೀಲ ಹೊರುವ ಹೆಂಗಸರ ಮುಂದಾಳು. ತಾನು ಬಂದು ನಿಲ್ಲದಿದ್ದರೆ ಬ್ಯಾಡಗಿ ಮೆಣಸಿನಕಾಯಿ ಕೆಂಪಾಗುವುದೇ ಇಲ್ಲವೆಂಬ ನಂಬಿಕೆ ಅವಳದು. ತೊಳೆಸಿದ ಅವಮಾನವನ್ನು ಅವಳು ಮರೆಯಲಿಲ್ಲ.

ಗುರುಂಗ ನೇಪಾಳದವನು. ನಮ್ಮ ಸೈನ್ಯ ಸೇರಿ, ವರ್ಕ್‌ಶಾಪಿನಲ್ಲಿ ಯಂತ್ರಗಳ ಕೆಲಸ ಕಲಿತು, ಕಾರ್ಗಿಲ್ ಯುದ್ಧ ಕಂಡವನು. ಮಿಲಿಟರಿ ಆಸ್ಪತ್ರೆಯಲ್ಲಿ ಕಾಲಿಗೆ ಪಟ್ಟಿ ಕಟ್ಟಿದ ಹಲಗೇರಿಯ ನರ್ಸ್ ನಿರ್ಮಲಾಳನ್ನೇ ಮದುವೆಯಾಗಿ, ನಿವೃತ್ತಿಯ ನಂತರ ಡಿಪ್ಲೊಮಾ ಮುಗಿಸಿ ರಾಣೆಬೆನ್ನೂರಿನಲ್ಲಿ ಮನೆ ಮಾಡಿದ. ಕನ್ನಡವನ್ನು ಅತ್ತೆಯೊಡನೆ ಜಗಳವಾಡಿ ಕಲಿತದ್ದರಿಂದ ಅವನ ಬಾಯಲ್ಲಿ ಮೆತ್ತನೆಯ ಮಾತೊಂದೂ ಇರಲಿಲ್ಲ. ಮಾಲೀಕ ಶಶಿಕಾಂತ ಗೇಟಿಗೆ ‘ಕಾರ್ಗಿಲ್ ವೀರ’ ಎಂದು ಅವನ ಫ್ಲೆಕ್ಸ್ ಹಾಕಿಸಿದ್ದ. ಅದರಲ್ಲಿ ಮಾಲೀಕನ ಚಿತ್ರವೇ ದೊಡ್ಡದು. ಸಂಬಳ ಹೆಚ್ಚಿಸುವ ಮಾತು ಬಂದಾಗ ಮಾತ್ರ ವೀರ ಪರದೇಶಿಯಾಗುತ್ತಿದ್ದ.

ಬೇಸಿಗೆಯಲ್ಲಿ ಹೆಂಗಸರು ತಣ್ಣನೆಯ ಕೋಣೆಯಲ್ಲಿ ಕೂತು ರೊಟ್ಟಿ ತಿನ್ನುತ್ತಿದ್ದರು. ಗುರುಂಗ ಊಟದ ಹೊತ್ತಿಗೆ ಅದಕ್ಕೂ ಬೀಗ ಜಡಿದ. ಯುದ್ಧದಲ್ಲಿ ಉಳಿದ ಸಿಟ್ಟನ್ನು ನಮ್ಮ ಮೇಲೆ ತೀರಿಸುತ್ತಾನೆಂದು ಫಕ್ಕೀರವ್ವ ಊರೆಲ್ಲ ಹೇಳಿಕೊಂಡು ಬಂದಳು.

ಒಂದು ಮಧ್ಯಾಹ್ನ ಒಳಗೆ ಚೀಲ ಸರಿಸುತ್ತಿದ್ದವರಿಗೆ ಕೆಮ್ಮು ಹತ್ತಿತು, ಕಣ್ಣು ಉರಿಯಿತು. ಬ್ಯಾಡಗಿಯಲ್ಲಿ ಕೆಮ್ಮಿದವರನ್ನು ಯಾಕೆಂದು ಯಾರೂ ಕೇಳುವುದಿಲ್ಲ. ಹೊಸ ಮಾಲಿನ ಘಾಟು ಎಂದು ಫಕ್ಕೀರವ್ವ ಮೂಗಿಗೆ ಸೆರಗು ಕಟ್ಟಿ, ಉಳಿದವರಿಗೂ ಕಟ್ಟಿಕೊಳ್ಳಲು ಹೇಳಿದಳು. ಸೋರುತ್ತಿದ್ದದ್ದು ಕೋಣೆಯನ್ನು ತಣ್ಣಗಿಡುವ ಪೈಪಿನ ಅಮೋನಿಯಾ ಅನಿಲ.

ಸೈರನ್ ಕೂಗಿತು, ಯಂತ್ರಗಳು ನಿಂತವು. ಗುರುಂಗ ಒದ್ದೆ ಟವೆಲ್ ಸುತ್ತಿಕೊಂಡು ನುಗ್ಗಿ ಎಲ್ಲರನ್ನೂ ಹೊರಗೆ ದಬ್ಬಿದ. ನನ್ನ ಕೆಲಸ ಮುಗಿದಿಲ್ಲ ಎಂದ ಫಕ್ಕೀರವ್ವನನ್ನು ರಟ್ಟೆ ಹಿಡಿದು ಎಳೆದು ತಂದ. ಹೊರಗೆ ಹೆಂಗಸರಲ್ಲೊಬ್ಬಳಾದ ಮುಮ್ತಾಜಬಿ ವಾಂತಿ ಮಾಡಿಕೊಂಡಳು. ಅವನು ಪೈಪು ಹಿಡಿದು ಒಬ್ಬೊಬ್ಬರ ಮುಖಕ್ಕೂ ನೀರು ಬಿಟ್ಟ, ಬಿಡುತ್ತಲೇ ಬೈದ.

ಶಶಿಕಾಂತ ಓಡಿ ಬಂದ. ಕೋಣೆ ಬೆಚ್ಚಗಾದರೆ ಮೆಣಸಿನಕಾಯಿಯ ಬಣ್ಣ ಹೋಗುತ್ತದೆ, ಈಗಲೇ ಚಾಲೂ ಮಾಡು ಎಂದ. ಸೋರುವ ಪೈಪು ಬದಲಿಸುವ ತನಕ ಆಗದೆಂದ ಗುರುಂಗ. ಹಾಗಾದರೆ ಕೆಲಸ ಬಿಟ್ಟು ನಡೆ ಎಂದ ಮಾಲೀಕ ಫಕ್ಕೀರವ್ವನ ಕಡೆ ತಿರುಗಿದ.

“ನೀನ ಹೇಳಬೇ. ಅದು ಮೆಣಸಿನಕಾಯಿ ಘಾಟ ಹೌದಲ್ಲೋ?”

ಗುರುಂಗನನ್ನು ಊರು ಬಿಡಿಸಲು ಒಂದು ‘ಹೌದು’ ಸಾಕಿತ್ತು. ಫಕ್ಕೀರವ್ವ ಬಾತ ಕಣ್ಣಿನಿಂದ ತನ್ನ ರಟ್ಟೆಯ ಮೇಲೆ ಮೂಡಿದ ಬೆರಳಚ್ಚು ನೋಡಿಕೊಂಡಳು.

“ಘಾಟ ಅಲ್ರಿ ಅದು. ಈ ಮನಷ್ಯಾನ ಸಲುವಾಗಿ ಹೇಳಾಕತ್ತಿಲ್ಲ ಮತ್ತ. ನಾವಂತೂ ಒಳಗ ಹೋಗೂದಿಲ್ಲ.”

ಶಶಿಕಾಂತನ ಕೈಯಲ್ಲಿ ಇನ್ನು ಉಳಿದದ್ದು ಚುಚ್ಚುಮಾತು ಮಾತ್ರ.

“ಅಲ್ರಿ ಕಾರ್ಗಿಲ್ ವೀರರ, ಗುಂಡಿಗೆ ಓಡದವ್ರು ನನ್ನ ಗೋದಾಮಿನ ವಾಸನಿಗೆ ಓಡಿ ಬಂದ್ರೆಲ್ಲ?”

ಗುರುಂಗ ನೀರಿನ ಪೈಪು ಕೆಳಗಿಟ್ಟ.

“ಅಲ್ಲೂ ಓಡೇನಿ. ಓಡಿದ್ದಕ್ಕ ಜೀವಂತ ಅದೇನಿ.”