ಬುಧವಾರ ನಾನು ಮುಚ್ಚಿಟ್ಟ ಮಾತು

ತೊಂಬತ್ತೆಂಟರಲ್ಲಿ ಚೊಚ್ಚಲ ಹೆರಿಗೆಗೆಂದು ಎಕ್ಕಂಬಿಯ ತವರಿಗೆ ಬಂದಿದ್ದೆ. ಗಂಡ ಯಲ್ಲಾಪುರದಲ್ಲಿ ಮೇಷ್ಟ್ರು. ಎಂಟು ತಿಂಗಳು ತುಂಬಿದರೂ ಹೊಟ್ಟೆ ಚಿಕ್ಕದೇ ಇದೆಯೆಂದು ನನ್ನ ತಾಯಿಗೆ ಅನುಮಾನ. ಒಂದು ಬುಧವಾರ ಶಿರಸಿಯ ಆಸ್ಪತ್ರೆಗೆ ಕರೆದುಕೊಂಡು ಹೋದಳು.

ಸ್ಕ್ಯಾನಿಂಗ್ ಕೋಣೆಯೊಳಗೆ ನನ್ನೊಬ್ಬಳನ್ನೇ ಬಿಟ್ಟರು. ಹಾವೇರಿ ಕಡೆಯ ಡಾಕ್ಟರಮ್ಮ ಪರದೆಯನ್ನೇ ನೋಡುತ್ತ ಎರಡೆರಡು ಸಲ ಅಳತೆ ತೆಗೆದರು.

"ಕೂಸಿನ ಸುತ್ತ ನೀರು ಭಾಳ ಕಡಿಮಿ ಆಗೇತ್ರಿ. ಬೆಳವಣಿಗಿನೂ ಸಾಲದು. ಇವತ್ತ ಅಡ್ಮಿಟ್ ಆಗ್ರಿ. ಎದಿಬಡಿತ ನೋಡ್ಕೋತ ಇರಬೇಕು. ತ್ರಾಸಾತಂದ್ರ ಆಪರೇಷನ್ ಮಾಡೂದು."

ಆಪರೇಷನ್ ಎಂದಮೇಲೆ ನನಗೆ ಬೇರೇನೂ ಕೇಳಿಸಲಿಲ್ಲ. ಪಕ್ಕದ ಮನೆಯ ಸೊಸೆ ಹೊಲಿಗೆ ಕೀವಾಗಿ ಎರಡು ತಿಂಗಳು ನರಳಿದ್ದನ್ನು ಕಂಡಿದ್ದೆ. ಮನೆಯಲ್ಲಿ ಕೇಳಿ ಬರುತ್ತೇನೆಂದು ಎದ್ದುಬಂದೆ.

ಹೊರಗೆ ಬೆಂಚಿನ ಮೇಲೆ ಕುಳಿತಿದ್ದ ತಾಯಿ, "ಎಂತ ಹೇಳಿದ್ವೆ?" ಎಂದಳು.

"ನೀರು ಚೂರು ಕಡಿಮೆ ಇದ್ದಡ, ಆಯಿ. ರಾಶಿ ನೀರು ಕುಡಿಯವಡ. ಶನಿವಾರ ಬಂದ್ರೆ ಸಾಕಡ."

"ಅಷ್ಟೇ ಅಲ್ದಾ? ಹೆದ್ರಡ" ಎಂದು ತಾಯಿ ಧೈರ್ಯ ಹೇಳಿದಳು.

ಎಸ್‌ಟಿಡಿ ಬೂತಿನಿಂದ ಗಂಡನಿಗೂ ಅದನ್ನೇ ಹೇಳಿದೆ, ನೀರು ಸ್ವಲ್ಪ ಕಡಿಮೆಯಂತೆ, ಶನಿವಾರ ಬಂದರೆ ಸಾಕಂತೆ ಎಂದು. "ಹಂಗಾರೆ ಶನಿವಾರ ಆನೂ ಬರ್ತೆ" ಎಂದರು.

ಎರಡು ದಿನ ತಾಯಿ ಎಳನೀರು, ಗಂಜಿ ಎಂದು ಕುಡಿಸುತ್ತಲೇ ಇದ್ದಳು. ಗುರುವಾರ ಸಂಜೆ ಮಗು ಒಂದೆರಡು ಸಲ ಮೆಲ್ಲಗೆ ಒದ್ದಿತು. ಶುಕ್ರವಾರ ಬೆಳಿಗ್ಗೆ ಎಡಮಗ್ಗುಲಾಗಿ ಮಲಗಿ ಕಾದೆ, ಹೊಟ್ಟೆ ತಟ್ಟಿದೆ, ತಣ್ಣೀರು ಕುಡಿದೆ. ಏನೂ ಇಲ್ಲ.

"ಆಯೀ, ಮಗು ಹಂದಾಡ್ತಾ ಇಲ್ಲೆ."

ಜೀಪು ಮಾಡಿಕೊಂಡು ಹೋದೆವು. ಎದೆಬಡಿತ ಸಿಗಲಿಲ್ಲ. ಡಾಕ್ಟರಮ್ಮ ಯಂತ್ರ ಕೆಳಗಿಟ್ಟು, "ಬುಧವಾರನ ಉಳೀರಿ ಅಂದಿದ್ನೆಲ್ರೀ..." ಎಂದರು. ಪಕ್ಕದಲ್ಲಿದ್ದ ತಾಯಿ ತಿರುಗಿ ನನ್ನನ್ನು ನೋಡಿದಳು.

ಮರುದಿನ ಹೆರಿಗೆಯಾಯಿತು. ಹೆಣ್ಣು. ತಲೆತುಂಬ ಕೂದಲಿತ್ತು. ಗಂಡ ಬಂದಾಗ ನಾನು ಬಾಯಿ ತೆರೆಯುವ ಮೊದಲೇ ತಾಯಿ, "ನೀರು ಬತ್ತಿಹೋತಡ. ಎಂತ ಮಾಡಲೂ ಆಗ್ತಿತ್ತಿಲ್ಲೆ" ಎಂದುಬಿಟ್ಟಳು. ಅವರು ನಂಬಿದರು. ನನ್ನ ಕೈ ಹಿಡಿದು ಅತ್ತರು. ಅದು ನನಗೆ ಬೈಗುಳಕ್ಕಿಂತ ಕಷ್ಟವಾಯಿತು.

ಉಳಿದುಕೊಂಡಿದ್ದರೆ ಮಗು ಬದುಕುತ್ತಿತ್ತೇ ಎಂದು ಆಮೇಲೊಮ್ಮೆ ಕೇಳಿದ್ದೆ. "ಖಾತ್ರಿ ಹೇಳಾಕ ಬರೂದಿಲ್ರಿ" ಎಂದರು ಡಾಕ್ಟರಮ್ಮ.

ಮೂರು ವರ್ಷದ ಮೇಲೆ ಮಗ ಹುಟ್ಟಿದ, ಆಪರೇಷನ್ ಮಾಡಿಯೇ. ತಾಯಿ ತೀರಿಕೊಳ್ಳುವವರೆಗೂ ಆ ಬುಧವಾರದ ಮಾತೆತ್ತಲಿಲ್ಲ. ಗಂಡನಿಗೆ ನಾನಿನ್ನೂ ಹೇಳಿಲ್ಲ.