ಜೋಡಿಗೆ ಬಂದಾಕಿ

ಗಡಹಿಂಗ್ಲಜದಿಂದ ಬೆಳಗಿನ ಕೆಂಪು ಬಸ್ಸಿಗೆ ಹೊರಟಾಗ ಕಿಟಕಿ ಪಕ್ಕದ ಜಾಗ ಗೌರಿಯ ಪಾಲಾಯಿತು. ನಟನೆಯ ಶಿಬಿರಕ್ಕೆ ಹೆಸರು ಕೊಟ್ಟವಳು ನಾನು, ಹೊಸ ಪರಕರ ಪೋಲಕ ಹೊಲಿಸಿಕೊಂಡವಳು ನಾನು, ಅಪ್ಪನೆದುರು ಊಟ ಬಿಟ್ಟು ಕೂತು ಹಟ ಗೆದ್ದವಳೂ ನಾನೇ. ಗೌರಿ ಬರೀ ಜೋಡಿಗೆ ಬಂದವಳು. ಅವಳು ನಮ್ಮ ಸೋದರತ್ತೆಯ ಮಗಳು. ಮುಧೋಳದ ಕಡೆಯ ಹಳ್ಳಿಯಿಂದ ಬೇಸಗೆ ಕಳೆಯಲು ನಮ್ಮ ಮನೆಗೆ ಬಂದಿದ್ದಳು. ವಯಸ್ಸಿಗೆ ಬಂದ ಹುಡುಗಿ ಒಬ್ಬಳೇ ಬಸ್ಸು ಹತ್ತಬಾರದೆಂದು ಅಪ್ಪ ಅವಳನ್ನು ನನಗೆ ಗಂಟು ಹಾಕಿದ. ಮಹಾರಾಷ್ಟ್ರ ಬೇರೆ ರಾಜ್ಯವಾಗಿ ಎರಡೋ ಮೂರೋ ವರ್ಷವಾಗಿತ್ತು, ನನಗೆ ಮ್ಯಾಟ್ರಿಕ್ಕಿಗೆ ಇನ್ನೊಂದು ವರ್ಷ ಬಾಕಿ ಇತ್ತು.

ಅಪ್ಪನದು ಶೇಂಗಾ ವ್ಯಾಪಾರ. ಜನ್ಮದಲ್ಲಿ ಟಾಕೀಸಿನ ಮೆಟ್ಟಿಲು ಹತ್ತಿದವನಲ್ಲ. ಕೊಲ್ಲಾಪುರದಲ್ಲಿ ರಜೆಯ ಹೊತ್ತು ಶಾಲೆಯ ಹುಡುಗ ಹುಡುಗಿಯರಿಗೆ ನಟನೆ ಕಲಿಸುತ್ತಾರೆ, ಸಿನಿಮಾ ತೆಗೆಯುವುದು ಹೇಗೆಂದು ತೋರಿಸುತ್ತಾರೆ, ಕೊನೆಗೆ ಒಂದು ಸಣ್ಣ ಚಿತ್ರವನ್ನೂ ತೆಗೆಯುತ್ತಾರೆ ಎಂದು ನಮ್ಮ ಶಾಲೆಯ ಶಿಕ್ಷಕಿ ಬಾಯಿಯವರು ಹೇಳಿದ್ದರು. ಆಗಿನಿಂದ ನನಗೆ ಬೇರೆ ಯಾವ ಮಾತೂ ಕಿವಿಗೆ ಬೀಳುತ್ತಿರಲಿಲ್ಲ. ಅಪ್ಪ ಒಪ್ಪಿದ, ಆದರೆ ಒಂದು ಕರಾರು ಹಾಕಿದ.

"ಹೋಗಿ ಬಾ, ಸುಶೀ. ಅವ್ರು ತಗಿಯೂ ಪಿಚ್ಚರದಾಗ ನಿನ್ನ ಪಾರ್ಟ ಬಂತಂದ್ರ ಬರೂ ವರ್ಷಾನೂ ಕಳಸ್ತೀನಿ. ಬರಲಿಲ್ಲಂದ್ರ ಈ ಹುಚ್ಚು ಇಲ್ಲಿಗೇ ಬಿಡಬೇಕು. ಗೋಕಾಕದಾವ್ರು ಹೆಣ್ಣ ಕೇಳಾಕತ್ತಾರ, ಮ್ಯಾಟ್ರಿಕ್ ಮುಗದ ಕೂಡ್ಲೆ ಅಕ್ಕಿಕಾಳ ಹಾಕಿಬಿಡ್ತೀನಿ."

ಅಪ್ಪ ಆಡಿದ ಮಾತು ತಪ್ಪುವವನಲ್ಲ. ಅದು ನನಗೂ ಗೊತ್ತಿತ್ತು, ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಗೌರಿಗೂ ಗೊತ್ತಿತ್ತು.

ಸಂಕೇಶ್ವರಕ್ಕೆ ಬಂದರೆ ಮೈಸೂರು ರಾಜ್ಯ. ಅಲ್ಲಿಂದ ನಿಪ್ಪಾಣಿಯವರೆಗೂ ಗೌರಿ ಅಂಗಡಿಯ ಒಂದೊಂದು ಬೋರ್ಡನ್ನೂ ಗಟ್ಟಿಯಾಗಿ ಓದುತ್ತ ಬಂದಳು. ಬಸ್ಸೆಲ್ಲ ಅವಳ ಕಡೆ ನೋಡಿ ನಗುತ್ತಿತ್ತು, ನನಗೆ ನಾಚಿಕೆ. ನಿಪ್ಪಾಣಿಯಲ್ಲಿ ತಂಬಾಕಿನ ಘಾಟಿಗೆ ಎಲ್ಲರೂ ಸೀನತೊಡಗಿದೆವು. ಎದುರಿಗೆ ಕೂತಿದ್ದ ಮುದುಕಿಯೊಬ್ಬಳು ತನ್ನ ಸೆರಗಿನ ತುದಿಯಿಂದ ಗೌರಿಯ ಮೂಗು ಒರೆಸಿ, ಉಡಿಯಲ್ಲಿದ್ದ ಭಡಂಗ ಚುರಮುರಿಯನ್ನು ಅವಳ ಬೊಗಸೆಗೆ ಸುರಿದಳು. ಪಕ್ಕದಲ್ಲೇ ನಾನೂ ಸೀನುತ್ತಿದ್ದೆ. ಗೌರಿಯ ಮುಖವೇ ಅಂಥದು. ಹೊಟ್ಟೆಯಲ್ಲಿದ್ದದ್ದೆಲ್ಲ ಮುಖದ ಮೇಲೆ ಬಂದು ನಿಲ್ಲುತ್ತಿತ್ತು, ನೋಡಿದವರಿಗೆಲ್ಲ ಅವಳಿಗೆ ಏನಾದರೂ ಕೊಡಬೇಕೆನಿಸುತ್ತಿತ್ತು.

ಕಾಗಲ್ ದಾಟಿ ಮತ್ತೆ ಮರಾಠಿ ಬೋರ್ಡುಗಳು ಶುರುವಾದವು. ಗೌರಿಗೆ ಮರಾಠಿಯ ಒಂದು ಅಕ್ಷರವೂ ಬಾರದು, ಮಾತೂ ಬಾರದು. ಅವಳು ಬಾಯಿ ಮುಚ್ಚಿ ಕೂತಳು. ಈಗ ನನ್ನ ಸರದಿ ಎಂದು ನಾನು ನೆಟ್ಟಗೆ ಕೂತೆ. ನಾನು ಮರಾಠಿ ಶಾಲೆಯಲ್ಲಿ ಓದಿದವಳು, ಕೊಲ್ಲಾಪುರ ನನ್ನ ಊರಿದ್ದ ಹಾಗೆಯೇ.

ಶಾಹುಪುರಿಯ ಬೆಲ್ಲದ ಪೇಟೆಯ ಹಿಂದೆ ನಮ್ಮ ಚಿಗವ್ವನ ಮನೆ. ಟಾಂಗಾದಿಂದ ಇಳಿಯುವುದರೊಳಗೆ ಚಿಗವ್ವ ಗೌರಿಯ ಗಲ್ಲ ಹಿಡಿದು, "ಎಷ್ಟ ಚಂದ ಐತವ್ವಾ ಕೂಸು!" ಎಂದಳು. ನನ್ನ ಟ್ರಂಕನ್ನು ನಾನೇ ಹೊತ್ತು ಒಳಗೆ ಬಂದೆ. ಮರುದಿನ ಬೆಳಿಗ್ಗೆ ಗೌರಿ ಒಲೆಯ ಮುಂದೆ ಕೂತು ರೊಟ್ಟಿ ಬಡಿದದ್ದೇ ಸೈ, ಆ ಮನೆಯಲ್ಲಿ ಅವಳೇ ರಾಣಿಯಾದಳು. ನಾನು ದಿನಾ ಶಿಬಿರಕ್ಕೆ ಹೋಗಿ ಬೆವರು ಹರಿಸಿ ಬರುತ್ತಿದ್ದೆ, ಅವಳು ಚಿಗವ್ವನ ಕೈ ಹಿಡಿದು ರಂಕಾಳ ಕೆರೆಯ ಗಾಳಿ ತಿಂದು, ಕಬ್ಬಿನ ಹಾಲು ಕುಡಿದು, ಮಹಾಲಕ್ಷ್ಮಿ ಗುಡಿಯ ಮುಂದೆ ಬಳೆ ಇಡಿಸಿಕೊಂಡು ಬರುತ್ತಿದ್ದಳು. ನನಗೂ ಅರ್ಧ ಡಜನ್ ಬಳೆ ತಂದಳು. ಹಸಿರು ಬಣ್ಣದವು. ನನಗೆ ಹಸಿರು ಸೇರುವುದಿಲ್ಲ.

ಶಿಬಿರ ಒಂದು ಶಾಲೆಯ ತಗಡಿನ ಸಭಾಗೃಹದಲ್ಲಿ ನಡೆಯುತ್ತಿತ್ತು. ಕಲಿಸುವವರು ಹಳೆಯ ಸ್ಟುಡಿಯೋದಲ್ಲಿ ದುಡಿದು ನರೆತ ಒಬ್ಬ ಮಾಸ್ತರರು. ನಾವೆಲ್ಲ ಅವರನ್ನು ಆಬಾ ಎನ್ನುತ್ತಿದ್ದೆವು. ಬಾಯಲ್ಲಿ ಸದಾ ಎಲೆ ಅಡಿಕೆ. ಕುರುಡನಂತೆ ನಡೆಯುವುದು, ಬಾವಿಯಿಂದ ಇಲ್ಲದ ಕೊಡ ಸೇದುವುದು, ಯಾರದೋ ಸಾವಿನ ಸುದ್ದಿ ಕೇಳಿ ಸುಮ್ಮನೆ ನಿಲ್ಲುವುದು, ಇವೆಲ್ಲ ಬೆಳಗಿನ ಪಾಠ. ಮಧ್ಯಾಹ್ನ ಕ್ಯಾಮೆರಾ. ಚಾವಿ ಕೊಟ್ಟು ಓಡಿಸುವ ಸಣ್ಣ ಕ್ಯಾಮೆರಾ ಅದು, ಧ್ವನಿ ಹಿಡಿಯುತ್ತಿರಲಿಲ್ಲ. ಹಲಗೆಗೆ ಬೇಗಡೆ ಕಾಗದ ಅಂಟಿಸಿ ಬಿಸಿಲನ್ನು ಮುಖದ ಮೇಲೆ ಬೀಳಿಸುವುದನ್ನು ಹುಡುಗರಿಗೆ ಕಲಿಸಿದರು. ಆಬಾ ಪ್ರತಿ ಮಾತಿನ ಕೊನೆಗೂ "ಕಳ್ಳ ಕಾ?" ಎಂದು ಕೇಳುವರು. ಮರಾಠಿಯಲ್ಲಿ ಹಾಗೆಂದರೆ 'ತಿಳಿಯಿತೇ?' ಎಂದು. ನಾವು ಒಕ್ಕೊರಲಿನಿಂದ "ಕಳ್ಳ!" ಎಂದು ಕೂಗುತ್ತಿದ್ದೆವು.

ಚಿತ್ರದ ಕಥೆ ಇಷ್ಟೇ: ಮಗ್ಗದ ಮನೆಯಲ್ಲಿ ಕಂಡಿಕೆಗೆ ನೂಲು ಸುತ್ತುವ ಹುಡುಗಿಯ ಮೇಲೆ ಮಾಲೀಕ ನೂಲು ಕದ್ದ ಆರೋಪ ಹೊರಿಸುತ್ತಾನೆ. ಕದ್ದವಳು ಅವಳಲ್ಲ. ಕ್ಯಾಮೆರಾ ಅವಳ ಮುಖದ ಹತ್ತಿರ ಹೋಗಿ ನಿಲ್ಲುತ್ತದೆ. ಆ ಪಾರ್ಟಿಗಾಗಿ ನಾನು ಚಿಗವ್ವನ ಮನೆಯ ಕನ್ನಡಿಯ ಮುಂದೆ ನಿಂತು ನಿಂತು ಸೋತು ಹೋದೆ. ಬೇಕೆಂದಾಗ ಕಣ್ಣೀರು ತರುವುದು ಇಡೀ ಶಿಬಿರದಲ್ಲಿ ನನಗೊಬ್ಬಳಿಗೇ ಬರುತ್ತಿತ್ತು. ಆಬಾ ನನ್ನ ಅಳು ನೋಡಿ ಎಲೆ ಉಗುಳಿ ಬಂದು, "ಪೋರಿ, ರಡತೇಸ ಛಾನ, ಪಣ ಆರಶಾತ ಬಘೂನ" ಎಂದರು. ಚೆನ್ನಾಗಿ ಅಳುತ್ತೀ, ಆದರೆ ಕನ್ನಡಿಯಲ್ಲಿ ನೋಡಿಕೊಂಡು ಅಳುತ್ತೀ. ಆದರೂ ಪಾರ್ಟು ನನಗೇ ಕೊಟ್ಟರು. ಆ ಸಂಜೆ ಗೌರಿ ಬಡಿದ ರೊಟ್ಟಿಯನ್ನು ನಾನೂ ಹೊಗಳಿದೆ.

ಕೊನೆಯ ದಿನದ ಚಿತ್ರೀಕರಣ ಇಚಲಕರಂಜಿಯಲ್ಲಿ. ಪರ ಊರಿಗೆ ಹುಡುಗಿ ಒಬ್ಬಳೇ ಹೋಗಬಾರದೆಂದು ಚಿಗವ್ವ ಗೌರಿಯನ್ನು ಮತ್ತೆ ಜೋಡಿಗೆ ಕಳಿಸಿದಳು. ಹಾತಕಣಂಗಲೆಯ ಮೇಲಿಂದ ಹೋಗುವ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ, ಕಿಟಕಿಯಿಂದ ಬರುವ ಗಾಳಿ ಸುಡುತ್ತಿತ್ತು. ಊರು ಇನ್ನೂ ದೂರವಿರುವಾಗಲೇ ಪವರ್‌ಲೂಮಿನ ಖಟಖಟ ಸದ್ದು ಕಿವಿಗೆ ಬಡಿಯಿತು. ಇಂಥ ಗದ್ದಲದಲ್ಲಿ ಜನ ಹೇಗೆ ಮಾತಾಡುತ್ತಾರೋ ಎಂದುಕೊಂಡೆ. ಕೂಗಿ ಮಾತಾಡುತ್ತಾರೆ.

ನಮಗೆ ಜಾಗ ಕೊಟ್ಟದ್ದು ಒಂದು ಸಣ್ಣ ಶೆಡ್ಡು. ಅಲ್ಲಿ ಕಂಡಿಕೆ ಸುತ್ತುವ ಕಾಶವ್ವ ರಬಕವಿಯ ಕಡೆಯವಳು. ಕನ್ನಡ ಕೇಳಿದ್ದೇ ತಡ, ಗೌರಿಯ ಕೈ ಹಿಡಿದುಕೊಂಡಳು.

"ಯಾವೂರವ್ವಾ ನಿಂದು?"

"ಮುಧೋಳದ ಹಂತ್ಯಾಕರೀ."

"ಅಯ್ಯ, ನಮ್ಮ ಹುಡುಗೀನ! ಬಾ, ನೆಳ್ಳಿಗೆ ಬಾ. ಬಿಸಲಾಗ ಬಂದೀರಿ, ನೀರ ಕುಡೀರಿ."

ಮಾಲೀಕ ಊಟ ಮಾಡಿ ಬರುವವರೆಗೆ ಮಾತ್ರ ಮಗ್ಗ ನಿಲ್ಲಿಸಲು ಒಪ್ಪಿದ್ದ. ಕ್ಯಾಮೆರಾದಲ್ಲಿ ಉಳಿದದ್ದು ಕೊನೆಯ ಒಂದಿಷ್ಟು ರೀಲು. ಅದು ನನ್ನ ಮುಖಕ್ಕೆಂದೇ ಎತ್ತಿಟ್ಟದ್ದು, ಚಿತ್ರದಲ್ಲಿ ಆ ಹುಡುಗಿ ಕಾಣುವುದು ಇದೊಂದೇ ದೃಶ್ಯದಲ್ಲಿ. ನನ್ನನ್ನು ಪರದೆಯ ಹಿಂದೆ ಕೂಡಿಸಿ ಮುಖಕ್ಕೆ ಬಣ್ಣ ಹಚ್ಚತೊಡಗಿದರು. ಅಷ್ಟರಲ್ಲಿ ಬೆಳಕು ಹೊಂದಿಸಲು ನನ್ನ ಜಾಗದಲ್ಲಿ ಯಾರಾದರೂ ನಿಲ್ಲಬೇಕಿತ್ತು. ಸುಮ್ಮನೆ ಕೂತಿದ್ದವಳು ಗೌರಿ. ಆಬಾ ಕೈಸನ್ನೆ ಮಾಡಿ ಅವಳನ್ನು ಮಗ್ಗದ ಪಕ್ಕ ನಿಲ್ಲಿಸಿದರು. ನಾನೂ ಪರದೆಯ ಸಂದಿಯಿಂದ, "ನಿಂದ್ರ ಗೌರಿ, ಬರೇ ನಿಂತ್ರ ಸಾಕು" ಎಂದು ಕೂಗಿ ಹೇಳಿದೆ.

ನಿಂತ ಕಡೆ ಬುಟ್ಟಿಯ ತುಂಬ ಬಣ್ಣ ಬಣ್ಣದ ಕಂಡಿಕೆಗಳಿದ್ದವು. ಗೌರಿ ನೋಡಲೆಂದು ಒಂದು ಕೆಂಪು ಕಂಡಿಕೆ ಕೈಗೆತ್ತಿಕೊಂಡಳು. ಬೇಗಡೆ ಹಲಗೆಯ ಬಿಸಿಲು ಅವಳ ಕಣ್ಣಿಗೆ ಬಿತ್ತು. ಆಬಾ ಮರಾಠಿಯಲ್ಲಿ ಎಲ್ಲಿ ನೋಡಬೇಕು, ಎಷ್ಟು ಸರಿಯಬೇಕು ಎಂದು ಹೇಳುತ್ತ ಬಂದರು. ಅವಳಿಗೆ ಏನು ತಿಳಿಯಬೇಕು? ಕಣ್ಣು ಪಿಳಿಪಿಳಿ ಬಿಟ್ಟಳು. ಆಬಾ ಬೆರಳು ತೋರಿಸಿ ಕೇಳಿದರು: "ಕಳ್ಳ ಕಾ?"

ಗೌರಿ ಕೈಯಲ್ಲಿದ್ದ ಕಂಡಿಕೆ ನೋಡಿದಳು. ಆಬಾರ ಬೆರಳು ನೋಡಿದಳು.

"ಕಾ ಗ? ತುಲಾ ಕಳ್ಳ ಕಾ? ಕಳ್ಳ?"

ಅವಳ ಮುಖದಿಂದ ರಕ್ತ ಇಳಿದು ಹೋದದ್ದನ್ನು ನಾನು ಪರದೆಯ ಸಂದಿಯಿಂದ ಕಂಡೆ. ತುಟಿ ನಡುಗಿತು. ಕಣ್ಣಲ್ಲಿ ನೀರು ತುಂಬಿತು, ಆದರೆ ಬೀಳಲಿಲ್ಲ. ಕುತ್ತಿಗೆ ನೆಟ್ಟಗಾಯಿತು. ಆಬಾ ಅವಳ ಮೇಲಿನ ಕಣ್ಣು ತೆಗೆಯದೆ ಎಡಗೈಯಿಂದ ಕ್ಯಾಮೆರಾದವನಿಗೆ ಸನ್ನೆ ಮಾಡಿದರು. ಕ್ಯಾಮೆರಾ ಕಿರ್ ಎಂದು ಓಡತೊಡಗಿತು.

"ನಾ ಕಳ್ಳಿ ಅಲ್ಲ!" ಎಂದು ಗೌರಿ ಚೀರಿದಳು. "ನೋಡಾಕ ತಗೊಂಡೇನ್ರೀ! ತಗೋರಿ ನಿಮ್ಮ ಕಂಡಿಕಿ! ನಮ್ಮ ಹೊಲದಾಗ ಹತ್ತಿ ಬೆಳಿತೇತಿ, ನಿಮ್ಮ ನೂಲ ಯಾರಿಗ್ ಬೇಕಾಗೇತಿ?"

ಅವಳು ಕಂಡಿಕೆಯನ್ನು ಬುಟ್ಟಿಗೆ ಎಸೆದಳು, ಆಗ ಕಣ್ಣೀರು ದಳದಳ ಇಳಿಯಿತು. "ಅಸಂಚ! ಅಸಂಚ!" ಎಂದು ಆಬಾ ಉಸಿರು ಬಿಗಿಹಿಡಿದು ಹೇಳುತ್ತಿದ್ದರು, ಹೀಗೇ ಇರು ಎಂದು. ಧ್ವನಿ ಹಿಡಿಯದ ಕ್ಯಾಮೆರಾ, ಯಾವ ಭಾಷೆಯಲ್ಲಿ ಕೂಗಿದರೇನು? ನಾನು ಅರ್ಧ ಬಣ್ಣದ ಮುಖ ಹೊತ್ತು ಹೊರಗೆ ಓಡಿದೆ. ಅಷ್ಟರಲ್ಲಿ ಕ್ಯಾಮೆರಾ ಖಟ್ ಎಂದು ನಿಂತಿತು.

"ಮಾಝಂ?" ಎಂದೆ. ನನ್ನದು?

"ರೀಳ ಸಂಪಲಂ" ಎಂದ ಕ್ಯಾಮೆರಾದವನು. ರೀಲು ಮುಗಿಯಿತು. ಆಬಾ ನನ್ನ ತಲೆಯ ಮೇಲೆ ಕೈ ಇಟ್ಟು, ಬರುವ ವರ್ಷ ನಿನ್ನದೇ ಮೊದಲು ಎಂದರು. ಬರುವ ವರ್ಷವಂತೆ! ಇವರಿಗೇನು ಗೊತ್ತು ಗೋಕಾಕದವರ ಸುದ್ದಿ? ಕಾಶವ್ವ ಗೌರಿಯನ್ನು ತೊಡೆಯ ಮೇಲೆ ಒರಗಿಸಿಕೊಂಡು ಬೆಲ್ಲ ನೀರು ಕುಡಿಸುತ್ತಿದ್ದಳು. ನನ್ನ ಕಡೆ ತಿರುಗಿ, "ನಿನ್ನ ಮಾರಿಗೆ ಏನ ಹತ್ತೇತವ್ವಾ? ತೊಳ್ಕೊ ಹೋಗ" ಎಂದಳು. ಮಗ್ಗಗಳು ಮತ್ತೆ ಶುರುವಾದವು. ನಾನು ನಳದ ಕೆಳಗೆ ಮುಖ ಹಿಡಿದು ಹಲ್ಲು ಕಚ್ಚಿಕೊಂಡು ನಿಂತೆ. ಸುಳ್ಳೇಕೆ ಹೇಳಲಿ, ಆ ಹೊತ್ತಿನಲ್ಲಿ ಅವಳ ಹಳ್ಳಿಗೆ ಅವಳು ವಾಪಸು ಹೋಗಿ ಮತ್ತೆಂದೂ ಬರದಿರಲಿ ಎಂದು ಬೇಡಿಕೊಂಡೆ.

ಮರುದಿನ ಊರಿಗೆ ಹೊರಟ ಬಸ್ಸಿನಲ್ಲಿ ಕಿಟಕಿಯ ಜಾಗವನ್ನು ಗೌರಿ ತಾನಾಗಿಯೇ ನನಗೆ ಬಿಟ್ಟಳು. ಅದೂ ನನಗೆ ಸೇರಲಿಲ್ಲ. ಕಾಗಲ್ ಬರುವವರೆಗೂ ನಾನು ಕಿಟಕಿಯ ಆಚೆಗೇ ಮುಖ ಮಾಡಿ ಕೂತಿದ್ದೆ. ಕೊನೆಗೆ ಅವಳೇ ಸಣ್ಣ ದನಿಯಲ್ಲಿ ಕೇಳಿದಳು.

"ಸುಶೀ, ನಾ ಆ ಹಿರ್ಯಾರ ಮ್ಯಾಲೆ ಒದರಿ ನಿನ್ನ ಪಾರ್ಟ ಕೆಡಿಸಿದ್ನೇನ? ಖರೇನ ಹೇಳ್ತೀನಿ, ಅಂವಾ ನನ್ನ ಕಳ್ಳ ಅಂದ."

"ಕಳ್ಳ ಅಂದ್ರ ಮರಾಠ್ಯಾಗ ತಿಳೀತು ಅಂತ, ಖೋಡಿ!" ಎಂದೆ. "ನಿನಗ ತಿಳೀತೇನಂತ ಕೇಳಿದ್ರು ಅವ್ರು."

ಗೌರಿ ನಗತೊಡಗಿದಳು ನೋಡಿ, ಹೊಟ್ಟೆ ಹಿಡಿದುಕೊಂಡು, ಮುಂದಿನ ಸೀಟಿಗೆ ಹಣೆ ಬಡಿದುಕೊಂಡು ನಕ್ಕಳು. ನನಗೂ ನಗು ಬಂತು, ಅದೇ ನನ್ನ ಕರ್ಮ. ನಗು ನಿಂತ ಮೇಲೆ ಅವಳು ಕೇಳಿದಳು, "ಹಂಗಾರ ಪಿಚ್ಚರದಾಗ ಯಾರ ಮಾರಿ ಬರ್ತೇತಿ?"

"ನಿಂದ."

ನಿಪ್ಪಾಣಿಯಲ್ಲಿ ಎಲ್ಲರೂ ಸೀನಿದರು, ಅವಳು ಸೀನಿದಳೋ ಇಲ್ಲವೋ ನಾನು ನೋಡಲಿಲ್ಲ. ಸಂಕೇಶ್ವರದಲ್ಲಿ ಒಂದು ಬೋರ್ಡನ್ನೂ ಅವಳು ಓದಲಿಲ್ಲ. ನಾನು ಮನಸ್ಸಿನಲ್ಲೇ ಒಂದು ಸಮಾಧಾನ ಕಟ್ಟಿಕೊಳ್ಳುತ್ತಿದ್ದೆ. ಅದು ನಟನೆಯೇ ಅಲ್ಲ, ಭಾಷೆ ಬಾರದವಳ ಫಜೀತಿ. ಬೆಕ್ಕಿನ ಬಾಲ ತುಳಿದರೆ ಬೆಕ್ಕೂ ಚೀರುತ್ತದೆ. ಕಲಿತು ಮಾಡುವುದು ಬೇರೆ, ಅದು ನನಗೆ ಮಾತ್ರ ಬರುತ್ತದೆ. ಗಡಹಿಂಗ್ಲಜದ ಸ್ಟ್ಯಾಂಡಿನಲ್ಲಿ ಇಳಿಯುವಾಗ ಈ ಮಾತು ನನಗೆ ಪೂರ್ತಿ ಒಪ್ಪಿಗೆಯಾಗಿತ್ತು.

ಅಪ್ಪ ಅಂಗಡಿಯ ಕಟ್ಟೆಯ ಮೇಲೆ ಶೇಂಗಾ ಒಡೆದು ಕಾಳು ನೋಡುತ್ತ ಕೂತಿದ್ದ. ಅವ್ವ ನೀರಿನ ತಂಬಿಗೆ ತಂದಳು.

"ಏನಾತ? ಪಾರ್ಟ ಬಂತೇನ?" ಅಪ್ಪ ಕೇಳಿದ.

ನಾನು ಬಾಯಿ ತೆರೆದೆ. ಮಾತು ಹೊರಡುವ ಮೊದಲೇ ಗೌರಿ ತಂಬಿಗೆ ಕೆಳಗಿಟ್ಟಳು.

"ಬಂತೇನ ಅಂತೀರಲ್ರೀ ಮಾಮಾ! ನೀವು ಇರಬೇಕಿತ್ರಿ. ಎಲ್ಲಾರೂ ಅಳಾಕತ್ತಿದ್ರು. ಹಿಂಗ ನಿಂತಿದ್ಲು ನೋಡ್ರಿ ಸುಶೀ."

ಅವಳು ಕಟ್ಟೆಯ ಮುಂದೆ ನಿಂತಳು. ಗಲ್ಲ ಸ್ವಲ್ಪ ಮೇಲೆತ್ತಿದಳು, ನಾನು ಎತ್ತುವ ಹಾಗೆ. ಹೆರಳನ್ನು ಹಿಂದಕ್ಕೆ ಒಗೆದಳು, ನಾನು ಒಗೆಯುವ ಹಾಗೆ. ಎಲ್ಲೋ ಕನ್ನಡಿ ಇದೆಯೆಂಬಂತೆ ಓರೆಗಣ್ಣಿನಿಂದ ಒಮ್ಮೆ ನೋಡಿಕೊಂಡು, ನನ್ನದೇ ದನಿಯಲ್ಲಿ, ನನ್ನದೇ ನಾಜೂಕು ಉಚ್ಚಾರದಲ್ಲಿ, "ನಾನು ಕಳ್ಳಿಯಲ್ಲ" ಎಂದಳು. ಎಡಗಣ್ಣಿನಿಂದ ಒಂದೇ ಒಂದು ಹನಿ ಇಳಿಯಿತು.

"ಥೇಟ ಇಕೀನ!" ಎಂದು ಅಪ್ಪ ತೊಡೆ ತಟ್ಟಿ ನಕ್ಕ. ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಆತ ಬಿಡವ್ವಾ," ಎಂದ ಅಪ್ಪ. "ಗೋಕಾಕದಾವ್ರಿಗೆ ಈಗ ಬ್ಯಾಡಂತ ಹೇಳಿ ಕಳಸ್ತೀನಿ. ಬರೂ ವರ್ಷಾನೂ ಹೋಗ."

ಹೂಂ ಎಂದೆ. ಗೌರಿ ನನ್ನ ಕಡೆ ನೋಡಲೂ ಇಲ್ಲ. ತಂಬಿಗೆ ಎತ್ತಿಕೊಂಡು ಗಟಗಟ ನೀರು ಕುಡಿದಳು. ಬಸ್ಸಿನುದ್ದಕ್ಕೂ ಕಟ್ಟಿಕೊಂಡು ಬಂದ ಸಮಾಧಾನ ಅಲ್ಲೇ ಕುಸಿಯಿತು. ಅವಳಿಂದಾಗಿ ನನಗೆ ಇನ್ನೊಂದು ವರ್ಷ ಸಿಕ್ಕಿತ್ತು, ಆದರೂ ಹೊಟ್ಟೆಯಲ್ಲಿ ಕಿಚ್ಚು ಹಾಕಿದ ಹಾಗೆ ಉರಿಯುತ್ತಿತ್ತು. ಏಕೆಂದರೆ ಈ ಸಲ ಅವಳಿಗೆ ಎಲ್ಲವೂ ತಿಳಿದಿತ್ತು.