ಅಡುಗೆಶಾಲೆಯ ಹಿಂದಿನ ಕಾಂಡ್ಲಾ

ಮುರಾರಿಗೆ ಹೇಸಿಗೆ ಬೇಗ ಬರುತ್ತಿತ್ತು. ಅಡುಗೆಯವನಿಗೆ ಮೂಗು ಚುರುಕಾಗಿರಬೇಕು, ಒಪ್ಪೋಣ. ಆದರೆ ಇವನದು ಜಗಳಗಂಟ ಮೂಗು. ನಿನ್ನೆಯ ತೆಂಗಿನತುರಿ, ಅರೆಬರೆ ಒಣಗಿದ ಪಾತ್ರೆಬಟ್ಟೆ, ಲೋಕಲ್ ಟ್ರೇನಿನಲ್ಲಿ ಮೈಗೆ ಮೈ ತಾಗಿಸಿ ನಿಂತವನ ಬೆವರು, ಎಲ್ಲದರ ಮೇಲೂ ಅದಕ್ಕೆ ತಕರಾರು. ಕೋಡಿಬೆಂಗ್ರೆಯಿಂದ ಹದಿಹರೆಯದಲ್ಲಿ ಬಂದು, ಠಾಣೆಯ ಹೋಟೆಲುಗಳಲ್ಲಿ ದೋಸೆಕಲ್ಲಿನ ಮುಂದೆ ಬೆಂದು, ಕೊನೆಗೆ ಸ್ವಂತ ಕೇಟರಿಂಗ್ ಶುರುಮಾಡಿದ ಮನುಷ್ಯ. ಮನೆ ವರ್ತಕ ನಗರದಲ್ಲಿ. ಅಡುಗೆಗೆ ಸಿಕ್ಕ ಬಾಡಿಗೆ ಶೆಡ್ಡು ಮಾತ್ರ ಕಳವಾ ದಾಟಿ ಮುಂಬ್ರಾದ ಕಡೆಗೆ, ಸಮುದ್ರದ ನೀರು ಏರಿಳಿಯುವ ಖಾಡಿಯ ಅಂಚಿನಲ್ಲಿ.

ಶೆಡ್ಡಿನ ಹಿಂದೆ ಪಾಳುಬಿದ್ದ ಉಪ್ಪಿನ ಗದ್ದೆಯಿತ್ತು. ಹಳೆಯ ಮಣ್ಣಿನ ಒಡ್ಡು ಖಾಡಿಯ ನೀರನ್ನು ಹೊರಗೇ ತಡೆದಿದ್ದರಿಂದ ಗದ್ದೆ ಬೆಳ್ಳಗೆ, ಬೋಳಾಗಿ, ವಾಸನೆಯಿಲ್ಲದೆ ಬಿದ್ದುಕೊಂಡಿತ್ತು. ಎರಡು ಸಾವಿರದ ಐದರ ಜುಲೈಯಲ್ಲಿ ಆಕಾಶವೇ ಕಳಚಿಬಿದ್ದಂತೆ ಮಳೆ ಸುರಿದಾಗ ಆ ಒಡ್ಡು ಒಡೆಯಿತು. ಅಂದಿನಿಂದ ದಿನಕ್ಕೆರಡು ಸಲ ಭರತದ ನೀರು ಒಳಗೆ ಬಂದು ಹೋಗತೊಡಗಿತು. ಹೋಗುವಾಗ ಬಿಟ್ಟುಹೋಗುತ್ತಿದ್ದದ್ದು ಕಪ್ಪು ಕೆಸರು, ಪ್ಲಾಸ್ಟಿಕ್ ಚೀಲ, ಯಾರದೋ ಪೂಜೆಯ ಕೊಳೆತ ಹೂ ಮತ್ತು ಕೆಟ್ಟ ಮೊಟ್ಟೆಯ ನಾತ. ಮುರಾರಿ ಹಿಂದಿನ ಕಿಟಕಿಗೆ ಮೊಳೆ ಹೊಡೆಸಿಬಿಟ್ಟ.

ಅಷ್ಟಕ್ಕೇ ಸುಮ್ಮನಾಗಲಿಲ್ಲ. ಒಡ್ಡು ಮುಚ್ಚಿಸಿ ಎಂದು ಸಿಕ್ಕಸಿಕ್ಕವರ ಹಿಂದೆ ಬಿದ್ದ. ಹಾಗೆ ಅವನು ಬೆನ್ನು ಹತ್ತಿದವರಲ್ಲಿ ಸರ್ವೋತ್ತಮನೂ ಒಬ್ಬ. ಸರ್ವೋತ್ತಮನದು ಕಲ್ಲು, ಜಲ್ಲಿ, ಮಣ್ಣು ಸಪ್ಲೈ ಮಾಡುವ ವ್ಯಾಪಾರ. ವಾರವಿಡೀ ಗುಡ್ಡ ಅಗೆಸುತ್ತಿದ್ದ ಪುಣ್ಯಾತ್ಮ, ಭಾನುವಾರ 'ಹಸಿರು ಬಳಗ' ಎಂಬ ಸಂಸ್ಥೆಯ ಅಧ್ಯಕ್ಷನಾಗುತ್ತಿದ್ದ.

"ಕೆಸರಿಗೆ ಯಾರು ಕಲ್ಲು ಹಾಕ್ತಾರೆ ಮಾರಾಯ್ರೆ?" ಎಂದು ನಕ್ಕವನು, "ಅದು ಬಿಡಿ. ನಮ್ಮ ಗಿಡ ನೆಡುವ ಪ್ರೋಗ್ರಾಮಿಗೆ ತಿಂಡಿ-ಊಟ ನಿಮ್ಮದೇ ಇರ್ಲಿ," ಎಂದ.

ಹೀಗೆ ಮುರಾರಿ ಪ್ರತಿ ವರ್ಷ ಜೂನ್ ಐದಕ್ಕೆ ಪಾರಸಿಕ್ ಗುಡ್ಡದ ಬುಡದಲ್ಲಿ ಪರಿಸರಪ್ರೇಮಿಗಳಿಗೆ ಇಡ್ಲಿ, ಶೀರಾ ಬಡಿಸುವವನಾದ. ಜೂನ್ ಐದಕ್ಕೆ ಆ ಊರಿನಲ್ಲಿ ಮಳೆ ಇನ್ನೂ ಕಾಲಿಟ್ಟಿರುವುದಿಲ್ಲ, ಗುಡ್ಡ ಕಾದ ಕಾವಲಿ. ಮಳೆ ಬಂದ ಮೇಲೆ ನೆಡಬಾರದೇ ಎಂದು ಕೇಳಿದರೆ, ಆಗ ಅತಿಥಿಗಳು ಬರುವುದಿಲ್ಲವಂತೆ, ಬಟ್ಟೆ ಕೊಳೆಯಾಗುತ್ತದಂತೆ. ಅತಿಥಿ ಸಸಿಯ ಕತ್ತು ಹಿಡಿದು ಫೋಟೋಕ್ಕೆ ಹಲ್ಲು ಕಿರಿಯುವುದು, ಮಣ್ಣು ಮುಟ್ಟಿದ ಬೆರಳನ್ನು ಟಿಶ್ಯೂ ಕಾಗದದಲ್ಲಿ ಒರೆಸಿ ಒರೆಸಿ ಅದೇ ಗುಂಡಿಗೆ ಎಸೆಯುವುದು, ಆಮೇಲೆ ಶೀರಾದಲ್ಲಿ ಗೋಡಂಬಿ ಕಡಿಮೆ ಎನ್ನುವುದು. ದೀಪಾವಳಿಯ ಹೊತ್ತಿಗೆ ಸಸಿಯ ಜಾಗದಲ್ಲಿ ಕಡ್ಡಿ. ಮರುವರ್ಷ ಅದೇ ಗುಂಡಿಗೆ ಹೊಸ ಸಸಿ. "ಗುಂಡಿ ರೆಡಿ ಉಂಟಲ್ಲ, ಖರ್ಚು ಉಳೀತು," ಎನ್ನುತ್ತಿದ್ದ ಸರ್ವೋತ್ತಮ. ಮುರಾರಿಗೆ ಅಸಹ್ಯವಾಗುತ್ತಿತ್ತು. ಆದರೆ ಬಡಿಸುತ್ತಿದ್ದ.

ಮೊಳೆ ಹೊಡೆದ ಕಿಟಕಿಯನ್ನು ತೆರೆದವಳು ಮಗಳು ಅಶ್ಮಿತಾ. ಠಾಣೆಯ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದುತ್ತಿದ್ದಳು. ಅಪ್ಪನ ಕನ್ನಡ ಅವಳಿಗೆ ಪೂರ್ತಿ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಹಿಂದಿಯಲ್ಲಿ. ಒಂದು ದಿನ ಶೆಡ್ಡಿಗೆ ತಿಂಡಿಗೆಂದು ಬಂದವಳು ಹಲಗೆಯ ಸಂದಿನಲ್ಲಿ ಇಣುಕಿ, ಇಕ್ಕಳ ತಂದು ಮೊಳೆ ಕಿತ್ತೇಬಿಟ್ಟಳು. ಹೊರಗೆ ಕೆಸರಿನ ತುಂಬ ಸೊಂಟದೆತ್ತರದ ಹಸಿರು.

"ಪಪ್ಪಾ, ಯೇ ಕಿಸನೇ ಲಗಾಯಾ?"

"ಯಾರು ನೆಡ್ತಾರೆ ಅದನ್ನು! ಕಾಂಡ್ಲಾ ಅದು, ಉಪ್ಪುನೀರಿನ ಗಿಡ. ಹಾಳು ಕೆಸರಲ್ಲಿ ತನ್ನಷ್ಟಕ್ಕೇ ಬರ್ತದೆ."

ತನ್ನಷ್ಟಕ್ಕೇ ಎಂಬ ಮಾತಿಗೆ ಹುಡುಗಿ ಕುಣಿದಾಡಿದಳು. ಅಂದಿನಿಂದ ಆ ಕೆಸರೇ ಅವಳ ಮನೆ. ಮಂಡಿಯವರೆಗೆ ಹೂತುಕೊಂಡು ಅಳೆಯುವಳು, ಅದೇ ಕಾಲಲ್ಲಿ ಅಡುಗೆಶಾಲೆಗೆ ಬರುವಳು. ಅಪ್ಪ ಮೂಗು ಮುಚ್ಚಿಕೊಂಡು ಬೈಯುವನು, ಮಗಳು ಬೈಸಿಕೊಂಡೇ ಪಾಠ ಹೇಳುವಳು. ಮಳೆಗಾಲದಲ್ಲಿ ಖಾಡಿಯ ಉಪ್ಪು ತಿಳಿಯಾಗುತ್ತದೆ, ಕಾಂಡ್ಲಾದ ಬೀಜ ಉದುರುವುದೂ ಆಗಲೇ. ಹುಣ್ಣಿಮೆ-ಅಮಾವಾಸ್ಯೆಯ ದೊಡ್ಡ ನೀರು ಬೀಜವನ್ನು ಎತ್ತರಕ್ಕೆ ತಂದು ಬಿಡುತ್ತದೆ. ಅಷ್ಟಮಿಯ ಹೊತ್ತಿನ ಸಣ್ಣ ನೀರು ಅಲ್ಲಿಯವರೆಗೆ ಏರುವುದಿಲ್ಲ, ಆ ಬಿಡುವಿನಲ್ಲಿ ಬೀಜ ಬೇರು ಬಿಡುತ್ತದೆ. ಚಂದ್ರನೂ ಮಳೆಯೂ ಸೇರಿ ಮಾಡುವ ನಾಟಿ ಇದು, ಮನುಷ್ಯ ದಾರಿ ಬಿಟ್ಟರೆ ಸಾಕು. ಎರಡು ಸಾವಿರದ ಒಂಬತ್ತರಲ್ಲಿ ಮಳೆ ಕೈಕೊಟ್ಟು ಕೆಸರಿನ ಮೇಲೆ ಉಪ್ಪು ಹೆಪ್ಪುಗಟ್ಟಿ ಎಳೆಯ ಗಿಡಗಳೆಲ್ಲ ಸುಟ್ಟುಹೋದಾಗ ಮುರಾರಿಯೇ ಪೆಚ್ಚಾದ. ಮಗಳು ಹೆದರಲಿಲ್ಲ. ಕೆಟ್ಟ ವರ್ಷವೂ ಲೆಕ್ಕದೊಳಗೇ ಇದೆ, ಬಾಗಿಲು ತೆರೆದಿದ್ದರೆ ಮತ್ತೆ ಬರುತ್ತದೆ ಎಂದಳು. ಮರುವರ್ಷ ಬಂತು. "ಕುಛ್ ಮತ್ ಲಗಾವೋ ಪಪ್ಪಾ, ಬಸ್ ಪಾನೀ ಆನೇ ದೋ." ನೀರು ಬರಲಿ, ಅಷ್ಟೇ ಅವಳ ವಾದ. ಮುಂದೆ ಎಂ.ಎಸ್ಸಿ.ಗೂ ಅವಳು ಅದೇ ಕಾಂಡ್ಲಾವನ್ನೇ ಹಿಡಿದಳು.

ಮಗಳ ವಿದ್ಯೆಯ ಜಂಬ ಅಪ್ಪನ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಹನ್ನೆರಡನೆಯ ಇಸವಿಯ ಬೇಸಿಗೆಯಲ್ಲಿ ಸರ್ವೋತ್ತಮನ ಮನೆಯ ಪೂಜೆಗೆ ಅಡುಗೆ ಮಾಡಲು ಹೋದವನು, ಹೋಳಿಗೆ ಬಡಿಸುತ್ತಾ ಬಡಿಸುತ್ತಾ ಹೇಳಿಯೇಬಿಟ್ಟ: "ನಿಮ್ಮ ಗುಡ್ಡದಲ್ಲಿ ನೆಟ್ಟದ್ದು ಒಂದೂ ಬರುವುದಿಲ್ಲ. ನನ್ನ ಶೆಡ್ಡಿನ ಹಿಂದೆ ಬಂದು ನೋಡಿ, ನೆಡದೇ ಕಾಡು ಎದ್ದಿದೆ!"

ಸರ್ವೋತ್ತಮ ಮರುದಿನವೇ ಕರವಸ್ತ್ರ ಮೂಗಿಗೆ ಹಿಡಿದು ಬಂದು ನೋಡಿದ. "ಫಸ್ಟ್‌ಕ್ಲಾಸ್! ಈ ಸಲ ಇಲ್ಲೇ ಮಾಡುವಾ."

ಮುರಾರಿ ಹಿಗ್ಗಿ ಮಗಳಿಗೆ ಸುದ್ದಿ ಹೇಳಿದ. ಅವಳು ಅನ್ನದ ತಟ್ಟೆಯಿಂದ ತಲೆಯೆತ್ತಿ ಕೇಳಿದ್ದು ಒಂದೇ ಪ್ರಶ್ನೆ: "ಲಗಾಯೇಂಗೇ ಕಹಾಂ? ಜಗಹ್ ಕಹಾಂ ಹೈ?"

ನೆಡಲು ಜಾಗ ಎಲ್ಲಿದೆ! ಅದು ಇವನಿಗೆ ಹೊಳೆದೇ ಇರಲಿಲ್ಲ. ಫೋನು ಮಾಡಿದ. "ಒಂದು ಎಲೆ ಮುಟ್ಟಿದ್ರೆ ಕೇಳಿ," ಎಂದ ಸರ್ವೋತ್ತಮ. ಮುರಾರಿ ನಂಬಿದ. ನಂಬುವುದು ಅನುಕೂಲವಾಗಿತ್ತು.

ಜೂನ್ ನಾಲ್ಕರ ಬೆಳಿಗ್ಗೆ ಪಾತ್ರೆ ತೊಳೆಯುವ ಚಂದ್ರಬಾಯಿ ಹಿಂದಿನಿಂದ ಕೂಗಿದಳು. ಕಲಬುರಗಿ ಕಡೆಯವಳು, ಸಾಮಾನ್ಯಕ್ಕೆ ದನಿಯೆತ್ತುವ ಹೆಂಗಸಲ್ಲ. "ಅಣ್ಣಾ, ಬರ್ರಿ ಇಲ್ಲಿ! ಗಿಡ ಎಲ್ಲಾ ಕಡದು ಒಗ್ಯಾಕತ್ಯಾರ!"

ಮುರಾರಿ ಓಡಿದ. ಏಳು ವರ್ಷದ ಕಾಂಡ್ಲಾ ರಾಶಿಯಾಗಿ ಬಿದ್ದಿತ್ತು. ಪಕ್ಕದ ಟೆಂಪೋದಿಂದ ಕಪ್ಪು ಪ್ಲಾಸ್ಟಿಕ್ ಚೀಲದ ಸಸಿಗಳು ಇಳಿಯುತ್ತಿದ್ದವು. ಅವೂ ಕಾಂಡ್ಲಾವೇ! ಕಾಂಡ್ಲಾ ಕಡಿದು ಕಾಂಡ್ಲಾ ನೆಡುವ ಹೇಸಿಗೆಯನ್ನು ನೋಡಲು ಹಿಂದಿನ ಜನ್ಮದಲ್ಲಿ ಏನು ಪಾಪ ಮಾಡಿದ್ದೆನೋ ಎನ್ನಿಸಿತು ಅವನಿಗೆ.

"ಅದು ಲೈನಲ್ಲಿ ಇರ್ಲಿಲ್ಲ ಮಾರಾಯ್ರೆ, ಫೋಟೋದಲ್ಲಿ ಗಲೀಜು ಕಾಣ್ತದೆ," ಎಂದ ಸರ್ವೋತ್ತಮ, ತಣ್ಣಗೆ. "ನಾಳೆ ಬೆಳಿಗ್ಗೆ ನೀರು ಇಳಿದಾಗ ಒಡ್ಡು ಒಡೆದ ಆ ಗಂಡಿಗೆ ಸ್ವಲ್ಪ ಮಣ್ಣು ತಳ್ಳಿಸ್ತೇನೆ. ಮೇಲೆ ಹಲಗೆ, ಕಾರ್ಪೆಟ್. ಗೆಸ್ಟು ಹನ್ನೊಂದಕ್ಕೆ ಬರ್ತಾರೆ. ಊಟ ಎಷ್ಟು ಹೊತ್ತಿಗೆ ಇಡುವಾ?"

ಅಂದು ಹುಣ್ಣಿಮೆ. ಕೋಡಿಬೆಂಗ್ರೆಯ ನದಿಯ ಬಾಯಲ್ಲಿ ಹುಟ್ಟಿದವನಿಗೆ ಹುಣ್ಣಿಮೆಯ ಮರುದಿನ ದೊಡ್ಡ ನೀರು ಎಷ್ಟು ಹೊತ್ತಿಗೆ ಬರುತ್ತದೆಂದು ಯಾರೂ ಹೇಳಿಕೊಡಬೇಕಿಲ್ಲ. ಬೇಡ, ಬಡಿಸುವುದಿಲ್ಲ ಎನ್ನುವ ಧೈರ್ಯ ಅವನಿಗಿರಲಿಲ್ಲ. ಸಣ್ಣ ಸೇಡಿನ ಧೈರ್ಯವಿತ್ತು.

"ಒಂದೂವರೆಗೆ ಬಿಸಿಬಿಸಿ ಬಡಿಸುವಾ," ಎಂದ.

ಬಡಿಸಿದ. ಪಾಯಸದ ಹೊತ್ತಿಗೆ ಸಡಿಲ ಮಣ್ಣು ಕುಸಿದು ಖಾಡಿ ಒಳಗೆ ನುಗ್ಗಿತು. ಗಟಾರದ ಬಣ್ಣದ ನೀರು ಕಾರ್ಪೆಟ್ಟನ್ನೆತ್ತಿ ಅತಿಥಿಯ ಬೂಟಿನೊಳಗೆ ಹೊಕ್ಕಿತು. ಅಧ್ಯಕ್ಷರು ಪ್ಲಾಸ್ಟಿಕ್ ಕುರ್ಚಿ ಹತ್ತಿದರು, ರೇಷ್ಮೆ ಸೀರೆಯವರು ಅಧ್ಯಕ್ಷರನ್ನು ಹತ್ತುವುದೊಂದು ಬಾಕಿ. ಆಗಷ್ಟೇ ನೆಟ್ಟ ಸಸಿಗಳು ತೇಲಿಹೋದವು, ಮುರಾರಿಯ ಥರ್ಮಾಕೋಲ್ ತಟ್ಟೆಗಳು ಅವುಗಳ ಹಿಂದೆ ಮೆರವಣಿಗೆ ಹೊರಟವು. ಶೆಡ್ಡಿನ ಮರೆಯಲ್ಲಿ ನಿಂತು ಮುರಾರಿ ಹೊಟ್ಟೆ ಹುಣ್ಣಾಗುವಂತೆ ನಕ್ಕ.

ಅಶ್ಮಿತಾ ನಗಲಿಲ್ಲ. "ಆಪ್ಕೋ ಪತಾ ಥಾ?"

"ಗೊತ್ತಿಲ್ಲದೆ? ನಾನು ಸಮುದ್ರದ ಮಗ!"

ಅವಳು ಅಪ್ಪನನ್ನೇ ನೋಡಿ, ಪ್ಯಾಂಟು ಮಡಿಸಿ ನೀರಿಗಿಳಿದು ತಟ್ಟೆಗಳನ್ನು ಹೆಕ್ಕತೊಡಗಿದಳು. ಮುರಾರಿಯ ನಗು ಅಲ್ಲಿಗೆ ನಿಂತಿತು.

ಮಳೆ ಹಿಡಿದು ಒಂದು ತಿಂಗಳಾಗುವಷ್ಟರಲ್ಲಿ ಕಡಿದ ಬುಡಗಳಲ್ಲಿ ಚಿಗುರು ಕಂಡಿತು. ಬೇರು ಬದುಕಿತ್ತು, ನೀರೂ ಬಂದು ಹೋಗುತ್ತಿತ್ತು. ಈಗ ಕಿಟಕಿ ತೆರೆಯುತ್ತಿದ್ದವನು ಮುರಾರಿಯೇ. ನಾತಕ್ಕೆ ಮುಖ ಕಿವಿಚುತ್ತಲೇ ಚಿಗುರು ನೋಡುತ್ತಿದ್ದ, ಸಂಜೆ ಮನೆಗೆ ಹೋಗಿ ಮಗಳಿಗೆ ವರದಿ ಒಪ್ಪಿಸುತ್ತಿದ್ದ.

ದಸರಾ ಕಳೆದದ್ದೇ ಕಲ್ಲಿನ ಲಾರಿಗಳು ಬಂದವು. ಅತಿಥಿಗಳಿಗೆ ಅವಮಾನವಾಗಿತ್ತಲ್ಲ, ಈ ಸಲ ಸಡಿಲ ಮಣ್ಣಿನ ಆಟವಿಲ್ಲ, ಕಲ್ಲು ಮತ್ತು ಸಿಮೆಂಟು. ಅಶ್ಮಿತಾ ದೂರು ಕೊಟ್ಟಳು. ನೋಡಲು ಬಂದವರು ಹಸಿರು ಬಳಗದ ಬೋರ್ಡನ್ನೂ ಸಾಲು ಗುಂಡಿಗಳನ್ನೂ ಮೆಚ್ಚಿ, ಚಹಾ ಕುಡಿದು ಹೋದರು. ಮುರಾರಿ ಲಾರಿಯ ಮುಂದೆಯೇ ಸರ್ವೋತ್ತಮನ ಕೈ ಹಿಡಿದು ಬೇಡಿಕೊಂಡ. "ದಮ್ಮಯ್ಯ, ಗಂಡಿ ಮುಚ್ಚಬೇಡಿ. ನೀರು ಬರುವುದು ನಿಂತರೆ ಕಾಂಡ್ಲಾ ಸಾಯ್ತದೆ."

ಸರ್ವೋತ್ತಮ ನಿಜಕ್ಕೂ ಆಶ್ಚರ್ಯಪಟ್ಟ. "ಇದನ್ನು ಮುಚ್ಚಿಸಿ ಅಂತ ಏಳು ವರ್ಷದ ಹಿಂದೆ ನನ್ನ ಬೆನ್ನು ಹತ್ತಿದ್ದು ನೀವೇ ಅಲ್ವಾ?"

ಮುರಾರಿ ಕೈ ಬಿಟ್ಟ. ಪಕ್ಕದಲ್ಲೇ ಇದ್ದ ಅಶ್ಮಿತಾಗೆ ಆ ವಿಷಯ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಚಳಿಗಾಲದೊಳಗೆ ಚಿಗುರು ಕರಕಾಯಿತು. ಕೆಸರು ಒಣಗಿ ಬಿರಿದು, ಮತ್ತೆ ಬೆಳ್ಳಗಾಯಿತು. ಅಶ್ಮಿತಾ ತನ್ನ ಕೆಲಸವನ್ನು ನವಿ ಮುಂಬಯಿಯ ಕಡೆಯ ಬೇರೊಂದು ಖಾಡಿಗೆ ಒಯ್ದಳು. ಮನೆಯಲ್ಲಿ ಅಪ್ಪನೊಡನೆ ಮಾತಾಡುತ್ತಿದ್ದಳು, ಉಪ್ಪು ಕೊಡಿ, ಫ್ಯಾನ್ ಹಾಕಿ, ಇಂಥವು. ಶೆಡ್ಡಿಗೆ ಬರುವುದನ್ನು ಬಿಟ್ಟಳು.

ಮರುವರ್ಷ ಮೇ ಕೊನೆಗೆ ಸರ್ವೋತ್ತಮನ ಫೋನು ಬಂತು. "ಅದೇ ಜಾಗ, ಅದೇ ಮೆನು. ಹೆದರ್ಬೇಡಿ, ಈ ಸಲ ನೀರು ಬರುವುದಿಲ್ಲ."

"ಊಟಕ್ಕೆ ಬೇರೆಯವರನ್ನು ನೋಡಿಕೊಳ್ಳಿ," ಎಂದು ಮುರಾರಿ ಫೋನಿಟ್ಟ. ತಡವಾಗಿ ಬಂದ ಆ ಧೈರ್ಯದ ಮೇಲೂ ಅವನಿಗೆ ಅಸಹ್ಯವೇ ಆಯಿತು. ಎದ್ದು ಹೋಗಿ ಹಿಂದಿನ ಕಿಟಕಿ ತೆರೆದ.

"ಈಗ ನಾರಂಗಿಲ್ರಿ ಅಣ್ಣಾ, ಛಲೋ ಆತು," ಎಂದಳು ಚಂದ್ರಬಾಯಿ, ಬೋಗುಣಿ ಉಜ್ಜುತ್ತಾ.

ಮುರಾರಿ ಮೂಗು ಹೊರಗೆ ಚಾಚಿ ಉಸಿರೆಳೆದ. ಇನ್ನೊಮ್ಮೆ ಎಳೆದ. ಏನೂ ನಾರುತ್ತಿರಲಿಲ್ಲ. ಅವನಿಗೆ ವಾಕರಿಕೆ ಬಂತು.